ಇಲ್ಲಿ ಏನೈತೆ ನೋಡೋಕೆ?

ನಮ್ಮ ಟೀಮಿನಲ್ಲಿ ಒಬ್ಬರಿದ್ದಾರೆ. ಪ್ರವಾಸ ಅಂದ್ರೆ ಅವರಿಗೆ ಒಂದು ಪ್ರಾಜೆಕ್ಟ್ ಇದ್ದ ಹಾಗೆ. ಗ್ರೀಸಿಗೆ ಹೋಗೋಕೆ ಮೂರು ತಿಂಗಳು ಮೊದಲೇ ಒಂದು ಎಕ್ಸೆಲ್ ಶೀಟು ಮಾಡಿದ್ದರು. ಊರು ಒಂದು ಕಾಲಂ. ನೋಡೋಕೆ ಏನಿದೆ, ಮಲಗೋಕೆ ಎಲ್ಲಿ, ಊಟ ಹೇಗೆ, ತಲುಪೋದು ಎಷ್ಟು ಕಷ್ಟ, ಕೈಯಲ್ಲಿ ಏನು ತರಬಹುದು ಅಂತ ಐದು ಕಾಲಂ. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ಅಂಕ. ಸ್ಯಾಂಟೊರಿನಿ ಗೆದ್ದಿತು, ಅದರಲ್ಲಿ ಆಶ್ಚರ್ಯ ಇಲ್ಲ. ಉತ್ತರದ ಕಡೆ ಕವಾಲ ಅಂತ ಒಂದು ಬಂದರು ಊರಿದೆ. ಈಜಿಪ್ಟನ್ನು ಆಳಿದ ಮುಹಮ್ಮದ್ ಅಲಿ ಹುಟ್ಟಿದ್ದು ಅಲ್ಲಿ. ಆ ಊರಿಗೆ ಎರಡು ರಾತ್ರಿ ಕೊಡಬೇಕಾ ಬೇಡವಾ ಅಂತ ಊಟದ ಹೊತ್ತಿನಲ್ಲಿ ಒಂದು ವಾರ ಚರ್ಚೆ ನಡೆಯಿತು. ಕೊನೆಗೆ ಕವಾಲ ಅರ್ಧ ಅಂಕದಲ್ಲಿ ಸೋತಿತು.

ಆ ಶೀಟು ನನಗೆ ಇಷ್ಟ ಆಯ್ತು. ತಮಾಷೆಗೆ ಹೇಳ್ತಿಲ್ಲ. ರೀಲ್ಸ್ ನೋಡಿ ಟಿಕೆಟ್ ಬುಕ್ ಮಾಡೋದಕ್ಕಿಂತ ಇದು ಎಷ್ಟೋ ಪ್ರಾಮಾಣಿಕವಾದ ಕೆಲಸ. ಹಾಗಾಗಿ ಅದೇ ಐದು ಕಾಲಂಗಳನ್ನು ಇಟ್ಟುಕೊಂಡು, ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್ ದೂರದ, ನಮ್ಮಲ್ಲಿ ಯಾರ ಶೀಟಿಗೂ ಬರದ ಒಂದು ಊರನ್ನು ಅಳೆದು ನೋಡೋಣ ಅನ್ನಿಸಿತು. ಊರು ಮೊಳಕಾಲ್ಮೂರು. ಪ್ರಶ್ನೆ ಅದೇ: ಒಂದೆರಡು ರಾತ್ರಿ ಕೊಡಬಹುದಾ?

ಮೊದಲೇ ಒಂದು ಮಾತು. ನಾನು ಆ ತಾಲ್ಲೂಕಿನ ದೇವಸಮುದ್ರದವನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಗಾದೆ ನನಗೂ ಗೊತ್ತು. ಅದಕ್ಕೇ ಅಂಕ ಕೊಡುವಾಗ ಕೈ ಸ್ವಲ್ಪ ಬಿಗಿ ಹಿಡಿದಿದ್ದೀನಿ. ಇನ್ನೊಂದು ವಿಷಯ, ಊರ ಹೆಸರಲ್ಲಿ ಸಮುದ್ರ ಇದೆ ಅಂತ ಬೀಚ್ ಹುಡುಕಬೇಡಿ. ನಮ್ಮ ಬಯಲುಸೀಮೆಯಲ್ಲಿ ಸಮುದ್ರ ಅಂದ್ರೆ ಕೆರೆ. ದೇವಸಮುದ್ರ, ಗೌರಸಮುದ್ರ, ಹೀಗೆ ನೀರು ಕಡಿಮೆ ಇರುವ ಸೀಮೆಯಲ್ಲೇ ಊರಿಗೆ ಸಮುದ್ರ ಅಂತ ಹೆಸರಿಡುವ ಆಸೆ ಹೆಚ್ಚು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿ ತೆಗೆದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಇರುತ್ತವೆ.

ಕಷ್ಟದ ಕಾಲಂಗಳನ್ನು ಮೊದಲು ಮುಗಿಸಿಬಿಡೋಣ.

ತಲುಪೋದು. ಇದರಲ್ಲಿ ಊರು ಚೆನ್ನಾಗಿಯೇ ಪಾಸಾಗುತ್ತೆ. ಹಿರಿಯೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಚಳ್ಳಕೆರೆ, ಆಮೇಲೆ ಬಳ್ಳಾರಿ ರಸ್ತೆ. ಹಾನಗಲ್ಲಿನಲ್ಲಿ ತಿರುಗಿದರೆ ಕೆಲವೇ ಕಿಲೋಮೀಟರಿಗೆ ಮೊಳಕಾಲ್ಮೂರು. ತಿರುಗದೆ ನೇರ ಹೋದರೆ ನಮ್ಮ ರಾಂಪುರ, ಆಮೇಲೆ ಬಳ್ಳಾರಿ. ಈ ರಸ್ತೆಯಲ್ಲಿ ಹಂಪಿಗೆ ಹೋಗುವ ಕಾರುಗಳು ಬೇಕಾದಷ್ಟು ಓಡಾಡುತ್ತವೆ. ಟೀಗೆ ನಿಲ್ಲಿಸ್ತಾರೆ, ಟೈರಿಗೆ ಗಾಳಿ ಹಾಕಿಸ್ತಾರೆ, ಹೊರಡ್ತಾರೆ. ಬಸ್ಸಿನವರಿಗೂ ಕಷ್ಟ ಇಲ್ಲ, ಚಳ್ಳಕೆರೆ ಮೇಲೆ ಹೋಗುವ ಬಳ್ಳಾರಿ ಬಸ್ಸು ಹತ್ತಿದರೆ ಆಯ್ತು. ಆದರೆ ಊರಿಗೆ ಬಂದ ಮೇಲೆ ಹಳ್ಳಿಗಳಿಗೆ ಓಡಾಡೋಕೆ ಸ್ವಂತ ಗಾಡಿ ಇಲ್ಲಾಂದ್ರೆ ಆಟೋದವರನ್ನು ಅರ್ಧ ದಿನಕ್ಕೆ ಮಾತಾಡಿಕೊಳ್ಳಬೇಕು. ಹತ್ತಕ್ಕೆ ಏಳು.

ಮಲಗೋದು. ಇಲ್ಲಿ ಸುಳ್ಳು ಹೇಳಲ್ಲ. ಮೊಳಕಾಲ್ಮೂರಿನಲ್ಲಿ ರೆಸಾರ್ಟ್ ಇಲ್ಲ, ಹೋಂಸ್ಟೇ ಅನ್ನೋ ಬೋರ್ಡು ಹುಡುಕಿದರೂ ಸಿಗೋದು ಕಷ್ಟ. ಇರೋದು ತಾಲ್ಲೂಕು ಕೇಂದ್ರದಲ್ಲಿ ಇರುವಂಥ ಸಾದಾ ಲಾಡ್ಜು: ಬಕೆಟ್ಟು, ಮಗ್ಗು, ಟ್ಯೂಬ್‌ಲೈಟು. ಕಚೇರಿ ಕೆಲಸಕ್ಕೆ ಬಂದವರು, ಸೀರೆ ವ್ಯಾಪಾರಕ್ಕೆ ಬಂದವರು ಉಳಿಯೋ ಜಾಗ. ಮಕ್ಕಳು, ವಯಸ್ಸಾದ ಅತ್ತೆ ಮಾವ ಜೊತೆಗಿದ್ದರೆ ಬಳ್ಳಾರಿಯಲ್ಲೋ ಚಿತ್ರದುರ್ಗದಲ್ಲೋ ರೂಮು ಮಾಡಿಕೊಂಡು ಬೆಳಗ್ಗೆ ಬೇಗ ಹೊರಟು ಬರೋದು ಒಳ್ಳೆಯದು. ಹತ್ತಕ್ಕೆ ಮೂರು. ಮೂರು ಕೂಡ ಸೊಳ್ಳೆಬತ್ತಿ ಕೇಳಿದರೆ ಕೊಡ್ತಾರೆ ಅನ್ನೋದಕ್ಕೆ.

ಊಟ. ಬೆಳಗ್ಗೆ ಇಡ್ಲಿ, ವಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಎಣ್ಣೆಯಿಂದ ಆಗತಾನೆ ತೆಗೆದ ಮೆಣಸಿನಕಾಯಿ. ಮಧ್ಯಾಹ್ನ ಮುದ್ದೆ ಅಥವಾ ರೊಟ್ಟಿ, ಶೇಂಗಾ ಚಟ್ನಿ. ಇದು ಶೇಂಗಾ ಸೀಮೆ. ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರು ಬಂದಿದ್ದೇ ಇದರಿಂದ. ಹಾಗಾಗಿ ಚಟ್ನಿಯಲ್ಲಿ ಶೇಂಗಾಕ್ಕೆ ಬದಲು ಹುರಿಗಡಲೆ ಹಾಕುವ ಮೋಸ ಕಡಿಮೆ. ರಾಯದುರ್ಗ ಪಕ್ಕದಲ್ಲೇ ಇರೋದರಿಂದ ಖಾರಕ್ಕೆ ಆಂಧ್ರದ ಒತ್ತಾಸೆ ಇದೆ, ಹೋಟೆಲಿನಲ್ಲಿ ಅರ್ಧ ಮಾತು ತೆಲುಗು. ಕ್ಯಾಪುಚಿನೋ ಬೇಕಾದವರು ಹಿರಿಯೂರು ದಾಟೋಕೆ ಮುಂಚೆಯೇ ಕುಡಿದು ಬನ್ನಿ. ಹತ್ತಕ್ಕೆ ಆರು.

ಈಗ ನಿಜವಾದ ಕಾಲಂ: ನೋಡೋಕೆ ಏನಿದೆ?

ಈ ಪ್ರಶ್ನೆಯನ್ನು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಸಿಗೋ ಉತ್ತರ ಒಂದೇ: "ಇಲ್ಲಿ ಏನೈತೆ ಸಾರ್ ನೋಡೋಕೆ? ಹಂಪಿಗೆ ಹೋಗ್ರಿ." ವಿನಯಕ್ಕೆ ಹೇಳೋ ಮಾತಲ್ಲ ಇದು, ನಿಜವಾಗಲೂ ಹಾಗೇ ಅಂದುಕೊಂಡಿದ್ದಾರೆ. ಈ ಉತ್ತರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಸಿದ್ದಾಪುರದ ಕಡೆ ಹೋಗೋಣ. ಅಶೋಕ ಸಿದ್ದಾಪುರ ಅಂತಲೇ ಈಗ ಕರೀತಾರೆ.

ಚಿನ್ನಹಗರಿ ಹಳ್ಳದ ಆಚೀಚೆ, ಕೆಲವೇ ಕಿಲೋಮೀಟರ್ ಅಂತರದಲ್ಲಿ, ಅಶೋಕ ಚಕ್ರವರ್ತಿಯ ಮೂರು ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಕ್ರಿಸ್ತಪೂರ್ವ ಮೂರನೇ ಶತಮಾನದವು. ಬಿ.ಎಲ್. ರೈಸ್ ಇವುಗಳ ವಿಷಯ ಪ್ರಕಟಿಸಿದ್ದು 1892ರಲ್ಲಿ. ಅಲ್ಲಿಯವರೆಗೆ ಅಶೋಕನ ಮಾತು ಇಷ್ಟು ದಕ್ಷಿಣಕ್ಕೆ, ಮೈಸೂರು ಸಂಸ್ಥಾನದ ಒಳಗೆ ಬಂದಿತ್ತು ಅಂತ ಲೋಕಕ್ಕೆ ಗೊತ್ತಿರಲಿಲ್ಲ. ಮಸ್ಕಿಯಲ್ಲಿ ಅಶೋಕ ಅನ್ನೋ ಹೆಸರೇ ಇರುವ ಶಾಸನ ಸಿಕ್ಕಿದ್ದು 1915ರಲ್ಲಿ, ಅಂದ್ರೆ ಇವು ಬೆಳಕಿಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲೆ. ನಮ್ಮಲ್ಲಿ ಇರೋದು ಬರೀ "ದೇವಾನಾಂಪ್ರಿಯ".

ಪ್ರವಾಸದ ಬರಹಗಳಲ್ಲಿ ಇಂಥ ಜಾಗಕ್ಕೆ "ಯಾರಿಗೂ ಗೊತ್ತಿಲ್ಲದ ತಾಣ", "ಹಿಡನ್ ಜೆಮ್" ಅಂತ ಹಣೆಪಟ್ಟಿ ಹಚ್ಚೋದು ವಾಡಿಕೆ. ಯಾರಿಗೆ ಗೊತ್ತಿಲ್ಲ ಅಂತ ಕೇಳಬೇಕು. ಬ್ರಹ್ಮಗಿರಿಯ ಬಂಡೆಗೆ ಸುತ್ತಲಿನ ಜನ ಇಟ್ಟ ಹೆಸರು ಅಕ್ಷರಗುಂಡು. ಯಾವ ಲಿಪಿ, ಯಾವ ಭಾಷೆ, ಏನು ಬರೆದಿದೆ ಅಂತ ಒಬ್ಬರಿಗೂ ಓದೋಕೆ ಬರ್ತಿರಲಿಲ್ಲ. ಆದರೆ ಇದು ಬಿರುಕಲ್ಲ, ಗೀರಲ್ಲ, ಅಕ್ಷರ ಅಂತ ಗೊತ್ತಿತ್ತು. ರೈಸ್ ಸಾಹೇಬರು ಬರುವ ಮುಂಚೆಯೇ ಅದು ಹೆಸರಿದ್ದ ಬಂಡೆ. ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡು, ಎಮ್ಮೆ ಕಾಯುವವರ ಜಾಗ. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಚಕ್ರವರ್ತಿಯ ಆಜ್ಞೆಯ ಮೇಲೆ ಕೂತು ಹೆಣ್ಣುಮಕ್ಕಳಿಗೆ ಬಳೆ ತೊಡಿಸಿದ್ದಾರೆ. ಅಲ್ಲಿ ಅಕ್ಷರ ತುಂಬ ಸವೆದಿದೆ, ಅದಕ್ಕೆ ಬೇಜಾರಾಗುತ್ತೆ. ಆದರೂ ಈ ಮೂರು ಹೆಸರುಗಳನ್ನು ಒಟ್ಟಿಗೆ ಹೇಳಿ ನೋಡಿ: ಅಕ್ಷರ, ಎಮ್ಮೆ, ಬಳೆ. ಆ ಸೀಮೆಯ ಬದುಕು ಪೂರ್ತಿ ಇದರಲ್ಲಿ ಬಂತು.

ಏನು ಬರೆದಿದೆ? ಇದನ್ನು ತಿಳಿದುಕೊಂಡು ಹೋಗದಿದ್ದರೆ ನೋಡೋದು ಬರೀ ಕಲ್ಲು, ಹತ್ತು ನಿಮಿಷದಲ್ಲಿ ವಾಪಸ್ ಬರ್ತೀರಿ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಪತ್ರ ಅದು. ಆರ್ಯಪುತ್ರ ಅಂದ್ರೆ ರಾಜಕುಮಾರ, ಮಹಾಮಾತ್ರರು ಅಂದ್ರೆ ದೊಡ್ಡ ಅಧಿಕಾರಿಗಳು. ಸುವರ್ಣಗಿರಿ ಅಂದ್ರೆ ನಮ್ಮ ಕನಕಗಿರಿ ಅಂತ ಕೆಲವು ವಿದ್ವಾಂಸರು, ಆಂಧ್ರದ ಜೊನ್ನಗಿರಿ ಅಂತ ಕೆಲವರು. ಇಸಿಲ ಅಂದ್ರೆ ಇಲ್ಲೇ, ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣ. ಮೊದಲು ಅಧಿಕಾರಿಗಳ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತೆ. ನಮ್ಮ ಕಚೇರಿಗಳ ಈಮೇಲುಗಳು ಈಗಲೂ ಇದೇ ಕ್ರಮದಲ್ಲಿ ಶುರುವಾಗ್ತವೆ ಅನ್ನೋದು ಬೇರೆ ಮಾತು.

ವಿಷಯ ಇಷ್ಟು. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯ್ತು, ಆದರೆ ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದಮೇಲೆ ಒಂದು ವರ್ಷದಿಂದ ಗಟ್ಟಿಯಾಗಿ ಶ್ರಮಿಸ್ತಿದ್ದೀನಿ ಅಂತ ರಾಜ ಹೇಳಿಕೊಳ್ತಾನೆ. ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಪಡೀಬಹುದು ಅಂತಾನೆ. ಇದು ಗಡಿಯಾಚೆಯವರಿಗೂ ತಿಳಿಯಲಿ ಅಂತಾನೆ. ಆಮೇಲೆ ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರ ಜೊತೆ ಸರಿಯಾಗಿ ನಡಕೊಳ್ಳಬೇಕು, ಇದು ಹಳೇ ಕಾಲದಿಂದ ಬಂದ ರೀತಿ ಅನ್ನೋ ಮಾತುಗಳು. ದೊಡ್ಡ ತತ್ವಜ್ಞಾನ ಏನೂ ಅಲ್ಲ. ನಮ್ಮ ಹಳ್ಳಿ ಕಟ್ಟೆಯಲ್ಲಿ ಯಾವ ಯಜಮಾನರೂ ಹೇಳುವಂಥದ್ದೇ. ಆದರೆ ಇಷ್ಟು ದೊಡ್ಡ ರಾಜ್ಯ ಆಳುವವನು ತನ್ನ ಮೊದಲ ವರ್ಷದ ಸೋಮಾರಿತನವನ್ನು ಕಲ್ಲಲ್ಲಿ ಕೆತ್ತಿಸಿ ಊರೂರಿಗೆ ಕಳಿಸ್ತಾನಲ್ಲ, ಅದು ಸಣ್ಣ ವಿಷಯ ಅಲ್ಲ. ಇವತ್ತಿನ ಯಾವ ನಾಯಕರ ಬಾಯಲ್ಲಿ ಅಂಥ ಮಾತು ಕೇಳಿದ್ದೀರಿ?

ಇನ್ನು ನಮ್ಮ ಕಸುಬಿನವರಿಗೆ ಅಂತಲೇ ಎರಡು ವಿಷಯ ಇದೆ. ಒಂದು, ಅದರಲ್ಲಿ ಬರುವ ಅಂಕೆ: 256. ಇನ್ನೂರು, ಐವತ್ತು, ಆರು ಅಂತ ಮೂರು ಗುರುತು. ಎರಡರ ಎಂಟನೇ ಘಾತ ಅಂತ ಹಿಗ್ಗಬೇಡಿ, ಆಗ ಬೈಟ್ ಇರಲಿಲ್ಲ, ಈಗಿನ ಥರ ಸ್ಥಾನಬೆಲೆಯ ಬರವಣಿಗೆಯೂ ಅದಲ್ಲ. ಬುದ್ಧ ತೀರಿಕೊಂಡು 256 ವರ್ಷ ಅಂತ ಹಿಂದೆ ಕೆಲವರು ಅರ್ಥ ಮಾಡಿದ್ದರು. ಈಗ ಹೆಚ್ಚಿನವರು ಒಪ್ಪೋದು, ಮನೆ ಬಿಟ್ಟು ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅನ್ನೋ ಅರ್ಥವನ್ನು. ಅಂದ್ರೆ ಈ ಮಾತು ಹೊರಟಿದ್ದೇ ಒಬ್ಬ ಪ್ರವಾಸಿಯಿಂದ. ನಾವು ಎರಡು ರಾತ್ರಿಗೆ ಇಷ್ಟು ಲೆಕ್ಕ ಹಾಕ್ತಿದ್ದೀವಿ.

ಎರಡು, ಬರೆದವನ ಹೆಸರು. ರಾಜನ ಹೆಸರು ಇಲ್ಲದ ಬಂಡೆಯಲ್ಲಿ ಲಿಪಿಕಾರನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಗೆ ಚಪಡ ಬರೆದದ್ದು ಅಂತ ಹೇಳಿ, ಲಿಪಿಕಾರ ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ, ಕಂದಹಾರದಲ್ಲಿ, ಅಶೋಕನ ಶಾಸನ ಗ್ರೀಕ್ ಮತ್ತು ಅರಮಾಯಿಕ್ ಭಾಷೆಯಲ್ಲೇ ಇದೆ. ಗ್ರೀಸಿಗೆ ಹೋಗಿ ಬಂದ ನಮ್ಮ ಮಿತ್ರರಿಗೆ ಇದನ್ನು ಹೇಳಿದೆ. ಗ್ರೀಕ್ ಮಾತಾಡುವ ಜನರಿದ್ದ ಸೀಮೆಯ ಲಿಪಿ ಕಲಿತ ಒಬ್ಬ ಗುಮಾಸ್ತ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ನಮ್ಮೂರ ಪಕ್ಕದ ಬಂಡೆಗೆ ಕೊನೆಯಲ್ಲಿ ತನ್ನದೊಂದು ಸಹಿ ಹಾಕಿ ಹೋಗಿದ್ದಾನೆ. ಗಿಟ್ ಬ್ಲೇಮ್ ಹಾಕಿದರೆ ಇವತ್ತಿಗೂ ಅವನ ಹೆಸರೇ ಬರುತ್ತೆ. ತನ್ನ ಲಿಪಿ ಓದೋರು ಈ ಊರಲ್ಲಿ ಯಾರೂ ಇಲ್ಲ ಅಂತ ಅವನಿಗೆ ಗೊತ್ತಿದ್ದಿರಬೇಕು. ಆದರೂ ಬರೆದ. ಹೊರಗಿನಿಂದ ಬಂದು ಕೆಲಸ ಮಾಡುವ ಯಾರಿಗಾದರೂ ಆ ಆಸೆ ಅರ್ಥ ಆಗುತ್ತೆ.

ಬ್ರಹ್ಮಗಿರಿಯ ಬುಡದ ಬಯಲಲ್ಲಿ ಇನ್ನೂ ಹಳೆಯದಿದೆ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಮೊದಲು ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ವರ್ಷ ಅದು. ಇವರು ನಮ್ಮ ಬಯಲಲ್ಲಿ ಅಳತೆ ಪಟ್ಟಿ ಹಿಡಿದು ಮಣ್ಣಿನ ಪದರ ಎಣಿಸುತ್ತಿದ್ದರು. ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿಯ ಜನ. ಅದರ ಮೇಲೆ ಕಬ್ಬಿಣ ಬಳಸಿದ, ಸತ್ತವರ ಮೂಳೆಗಳನ್ನು ಕಲ್ಲು ಚಪ್ಪಡಿಯ ಕೋಣೆಯಲ್ಲಿಟ್ಟು ಸುತ್ತ ಗುಂಡುಕಲ್ಲು ಜೋಡಿಸಿದ ಜನ. ಅದರ ಮೇಲೆ ಶಾತವಾಹನರ ಕಾಲದ ಪಟ್ಟಣ. ದಕ್ಷಿಣ ಭಾರತದಲ್ಲಿ ಯಾವ ಕಾಲ ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಒಂದು ಅಚ್ಚುಕಟ್ಟಾದ ಏಣಿ ಸಿಕ್ಕಿದ್ದು ಇಲ್ಲಿ.

ಬಂದರು ಊರಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ವೀಲರ್ ಈ ಏಣಿಗೆ ಇಸವಿ ಹಚ್ಚಿದ್ದು ಒಂದು ಬಂದರಿನ ಸಹಾಯದಿಂದ. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡು ಬಂದರಿನಲ್ಲಿ ಅವರಿಗೆ ರೋಮನ್ ಕಾಲದ ಮಡಕೆ ಚೂರುಗಳು ಸಿಕ್ಕಿದ್ದವು. ಅವುಗಳ ಕಾಲ ಯುರೋಪಿನಲ್ಲಿ ಗೊತ್ತಿತ್ತು. ಅವುಗಳ ಜೊತೆಗೆ ಸಿಕ್ಕ, ಗಾಲಿ ಉರುಳಿಸಿದ ಹಾಗೆ ಗೆರೆ ಇರುವ ಒಂದು ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಇತ್ತು. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುತ್ತಾ ಹೋದರು. ಆ ಲೆಕ್ಕದಲ್ಲಿ ಕಲ್ಲು ಗೋರಿಗಳಿಗೆ ಅವರು ಕ್ರಿ.ಪೂ. 200ರ ಆಸುಪಾಸು ಕೊಟ್ಟರು. ಮುಂದೆ ಹಳ್ಳೂರಿನಂಥ ಕಡೆ ಇಂಗಾಲದ ಪರೀಕ್ಷೆ ಮಾಡಿದಾಗ ಕರ್ನಾಟಕದಲ್ಲಿ ಕಬ್ಬಿಣದ ಕಾಲ ಕ್ರಿ.ಪೂ. 1000ದ ಹತ್ತಿರಕ್ಕೆ ಹೋಯಿತು. ಏಣಿ ಸರಿ ಇತ್ತು, ಮೆಟ್ಟಿಲಿನ ಇಸವಿ ಬದಲಾಯಿತು. ಸಮುದ್ರ ನೋಡದ ನಮ್ಮೂರಿನ ಚರಿತ್ರೆಗೆ ತೇದಿ ಬಂದಿದ್ದು ಸಮುದ್ರದ ದಾರಿಯಿಂದ.

ಅಂಕ ಕೊಡೋ ಮುಂಚೆ ತಕರಾರು ಹೇಳಲೇಬೇಕು. ಇವೆಲ್ಲ ಓದೋಕೆ ಚಂದ, ಸ್ಥಳದಲ್ಲಿ ಕಣ್ಣಿಗೆ ಸಿಗೋದು ಕಡಿಮೆ. ವೀಲರ್ ಅಗೆದ ಗುಂಡಿ ಮುಚ್ಚಿ ಯಾವುದೋ ಕಾಲ ಆಯ್ತು. ಬಯಲಿನಲ್ಲಿ ಅರ್ಧ ಹೂತ ಕಲ್ಲಿನ ಸುತ್ತುಗಳನ್ನು ಗುರುತಿಸೋಕೆ ಅಭ್ಯಾಸ ಬೇಕು, ಇಲ್ಲಾಂದ್ರೆ ಹೊಲದ ಬದುವಿನ ಕಲ್ಲು ಅಂದುಕೊಂಡು ದಾಟಿ ಹೋಗ್ತೀರಿ. ಶಾಸನದ ಬಂಡೆಗೆ ಸೂರು, ರಕ್ಷಣೆ ಇದೆ, ನೋಡಿಕೊಳ್ಳುವವರು ಊಟಕ್ಕೆ ಹೋಗಿದ್ದರೆ ಕಾಯಬೇಕು. ನಡು ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣೋದೇ ಇಲ್ಲ. ಬೆಳಗಿನ ಓರೆ ಬೆಳಕು ಬಂಡೆ ಮೇಲೆ ಬಿದ್ದಾಗ ಮಾತ್ರ ಅವು ಎದ್ದು ಕಾಣ್ತವೆ. ಹಂಪಿಯಲ್ಲಿ ಏನೂ ಓದದೆ ಹೋದರೂ ವಿಠಲ ದೇವಸ್ಥಾನದ ಮುಂದೆ ಬಾಯಿ ಬಿಟ್ಟು ನಿಲ್ತೀರಿ. ಇಲ್ಲಿ ಓದದೆ ಹೋದರೆ ಪೆಟ್ರೋಲ್ ದಂಡ. ನೋಡುಗರಿಂದ ಇಷ್ಟು ಪೂರ್ವಸಿದ್ಧತೆ ಕೇಳುವ ಜಾಗಕ್ಕೆ ಪೂರ್ತಿ ಅಂಕ ಕೊಡೋಕಾಗಲ್ಲ.

ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಈ ತಕರಾರು ಇಲ್ಲ. ಮೆಟ್ಟಿಲು ಹತ್ತಿದರೆ ಮೇಲೆ ದೇವಸ್ಥಾನ, ಸುತ್ತ ಗುಂಡುಕಲ್ಲಿನ ಬೆಟ್ಟಗಳ ಸಾಲು, ಕೆಳಗೆ ಶೇಂಗಾ ಹೊಲ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದದ್ದು, ರೆಕ್ಕೆ ಕಳಕೊಂಡು ಬಿದ್ದದ್ದು ಇಲ್ಲೇ ಅಂತ ನಂಬಿಕೆ. ಲೇಪಾಕ್ಷಿಯವರೂ ಹಾಗೇ ಹೇಳ್ತಾರೆ, ಕೇರಳದಲ್ಲಿ ಚಡಯಮಂಗಲದವರು ದೊಡ್ಡ ಮೂರ್ತಿಯನ್ನೇ ಕಟ್ಟಿದ್ದಾರೆ. ಜಟಾಯು ಎಲ್ಲೆಲ್ಲಿ ಬಿದ್ದನೋ ಅವನಿಗೇ ಗೊತ್ತು. ಆದರೆ ಮೇಲೆ ನಿಂತಾಗ ಬೀಸುವ ಗಾಳಿಗೆ, ದೊಡ್ಡ ಹಕ್ಕಿಯ ಕಥೆ ಇಲ್ಲಿ ಯಾಕೆ ಹುಟ್ಟಿತು ಅಂತ ಕೇಳಬೇಕಿಲ್ಲ. ಸಂಜೆ ಕತ್ತಲಾಗೋ ಮುಂಚೆ ಇಳಿದುಬಿಡಿ, ಇದು ಕರಡಿ ಸೀಮೆ.

ಮೊಳಕಾಲ್ಮೂರಿನಲ್ಲೇ ಹಳೇ ಕೋಟೆಯ ಬೆಟ್ಟ ಇದೆ, ಕೂಗಿದರೆ ಮಾತನ್ನು ವಾಪಸ್ ಕೊಡುವ ಕೂಗೋ ಬಂಡೆ ಇದೆ, ಹತ್ತಿರದಲ್ಲಿ ನುಂಕೆಮಲೆ ಇದೆ. ಇವು ಸಂಜೆ ಕಳೆಯೋಕೆ ಚೆನ್ನ, ಇದಕ್ಕಾಗಿಯೇ ಬೆಂಗಳೂರಿನಿಂದ ಬನ್ನಿ ಅಂತ ಹೇಳಲ್ಲ. ನೋಡೋದಕ್ಕೆ ಒಟ್ಟು ಹತ್ತಕ್ಕೆ ಏಳು. ಓದಿಕೊಂಡು ಬಂದವರಿಗೆ ಒಂಬತ್ತು.

ಕೊನೆಯ ಕಾಲಂ: ತರೋದು. ಮೊಳಕಾಲ್ಮೂರು ಸೀರೆ ಗೊತ್ತಿಲ್ಲದ ಕನ್ನಡಿಗರ ಮನೆ ಕಡಿಮೆ. ರೇಷ್ಮೆ, ಕೈಮಗ್ಗ, ಒಡಲಿಗೆ ಒಂದು ಬಣ್ಣ, ಅಂಚು ಸೆರಗಿಗೆ ಅದಕ್ಕೆ ಎದುರಾದ ಇನ್ನೊಂದು ಬಣ್ಣ, ನಡುವೆ ಬುಟ್ಟಾ, ಅಂಚಿನಲ್ಲಿ ಗೋಪುರದ ಸಾಲು. ಭೌಗೋಳಿಕ ಗುರುತಿನ ಮಾನ್ಯತೆ, ಅಂದ್ರೆ ಜಿಐ ಟ್ಯಾಗ್ ಕೂಡ ಇದೆ. ಅಂಗಡಿಗೆ ಹೋಗೋ ಮೊದಲು ಒಂದು ಮಗ್ಗದ ಮನೆಗೆ ಹೋಗಿ ಅಂತ ನನ್ನ ಸಲಹೆ. ಕೇಳಿದರೆ ಒಳಗೆ ಕರೀತಾರೆ. ಅಂಚಿಗೊಂದು ಲಾಳಿ, ಒಡಲಿಗೊಂದು ಲಾಳಿ ಬದಲಾಯಿಸುತ್ತಾ, ಒಂದೊಂದು ಹೊಕ್ಕಿಗೂ ಎರಡು ಬಣ್ಣವನ್ನು ಸೇರಿಸುತ್ತಾ ನೇಯೋದನ್ನು ಅರ್ಧ ಗಂಟೆ ಕೂತು ನೋಡಿದರೆ, ಆಮೇಲೆ ಬೆಲೆ ಕೇಳುವಾಗ ನಿಮ್ಮ ದನಿಯೇ ಬೇರೆ ಆಗಿರುತ್ತೆ. ಪವರ್‌ಲೂಮಿನಲ್ಲಿ ಇದೇ ವಿನ್ಯಾಸ ಎಷ್ಟೋ ಕಡಿಮೆ ಬೆಲೆಗೆ ಬರುತ್ತೆ, ಹೆಸರು ಮಾತ್ರ ಇದೇ ಊರಿನದು. ಸೀರೆ ತಿರುಗಿಸಿ, ಒಡಲು ಅಂಚು ಸೇರುವ ಜಾಗವನ್ನು ಹಿಂದಿನಿಂದ ನೋಡಿ, ಸಿಲ್ಕ್ ಮಾರ್ಕ್ ಕೇಳಿ.

ನಾನು ಹೋದ ಒಂದು ಮನೆಯಲ್ಲಿ ಯಜಮಾನರಿಗೆ ಅರವತ್ತು ದಾಟಿದೆ. ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕಿದ್ದಾನೆ. "ಅವ್ನು ಬರಲ್ಲಪ್ಪಾ. ಬಂದ್ರೂ ನಾನೇ ಬ್ಯಾಡ ಅಂತೀನಿ. ಇದ್ರಾಗೆ ಏನೈತೆ?" ಅಂದರು. ಆ ಮಾತು ಹೇಳುವಾಗಲೂ ಕೈ ನಿಲ್ಲಲಿಲ್ಲ, ಲಾಳಿ ಆಚೆಯಿಂದ ಈಚೆಗೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಮಾತೇ ಅಲ್ಲೂ ಕೇಳಿಸಿತು. ಇಲ್ಲಿ ಏನೈತೆ, ಇದ್ರಾಗೆ ಏನೈತೆ.

ಎಕ್ಸೆಲ್ ಶೀಟಿನ ತೊಂದರೆ ನನಗೆ ಗೊತ್ತಾಗಿದ್ದು ಇಲ್ಲಿ. ಅದು ಊರು ನಮಗೆ ಏನು ಕೊಡುತ್ತೆ ಅಂತ ಮಾತ್ರ ಕೇಳುತ್ತೆ. ನಾವು ಒಂದು ರಾತ್ರಿ ಉಳಿದರೆ ಊರಿಗೆ ಏನಾಗುತ್ತೆ ಅನ್ನೋ ಕಾಲಂ ಅದರಲ್ಲಿಲ್ಲ. ಹೊರಗಿನವರು ಯಾರೂ ಬರದಿದ್ದರೆ ಊರಿನವರಿಗೇ ತಮ್ಮ ಬಂಡೆ, ತಮ್ಮ ಮಗ್ಗ ಲೆಕ್ಕಕ್ಕಿಲ್ಲದ್ದು ಅನ್ನಿಸಿಬಿಡುತ್ತೆ. ಹುಡುಗರು ಊರು ಬಿಡೋದನ್ನು ನಾನು ತಪ್ಪು ಅನ್ನಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ಸೀಮೆಯಲ್ಲಿ ಹೊರಗೆ ಹೋದವರಿಂದಲೇ ಎಷ್ಟೋ ಮನೆ ನಡೀತವೆ. ಆದರೆ ಏನೂ ಇಲ್ಲದ ಊರು ಅಂದುಕೊಂಡು ಬಿಡೋದು ಬೇರೆ, ಇದ್ದೂ ಹೊಟ್ಟೆಪಾಡಿಗೆ ಬಿಡೋದು ಬೇರೆ. ಮೊದಲನೆಯದರಲ್ಲಿ ವಾಪಸ್ ಬರುವ ದಾರಿ ಇರಲ್ಲ.

ಹಾಗಂತ ಎಲ್ಲರೂ ಬಂದುಬಿಟ್ಟರೆ? ಅದರ ಉತ್ತರವೂ ನೂರು ಕಿಲೋಮೀಟರಿಗಿಂತ ಸ್ವಲ್ಪ ಆಚೆ ಹಂಪಿಯಲ್ಲೇ ಇದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಪ್ರವಾಸಿಗಳು ಬಂದರು, ಅವರನ್ನು ನಂಬಿ ಜನ ಅಂಗಡಿ, ರೂಮು ಕಟ್ಟಿಕೊಂಡರು. 2011ರಲ್ಲಿ ಹಂಪಿ ಬಜಾರಿನ ಮನೆ ಅಂಗಡಿಗಳನ್ನು ಕೆಡವಿದರು, 2020ರಲ್ಲಿ ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಸ್ಮಾರಕ ಉಳಿಸೋಕೆ ಅದು ಬೇಕಿತ್ತು ಅನ್ನುವವರಿದ್ದಾರೆ, ಬಡವರ ಹೊಟ್ಟೆ ಮೇಲೆ ಹೊಡೆದರು ಅನ್ನುವವರೂ ಇದ್ದಾರೆ. ನನಗೆ ಕಂಡದ್ದು ಇಷ್ಟು: ಒಂದು ಊರನ್ನು ಪೂರ್ತಿ ಪ್ರವಾಸಿಗಳ ಮೇಲೆ ನಿಲ್ಲಿಸಿದರೆ ಆ ಊರಿನವರ ಕಾಲ ಕೆಳಗಿನ ನೆಲ ಅವರದ್ದಾಗಿ ಉಳಿಯೋದು ಕಷ್ಟ. ಸಿದ್ದಾಪುರಕ್ಕೆ ಅದು ಬೇಡ. ಅಕ್ಷರಗುಂಡಿನ ಎದುರು ಸೆಲ್ಫಿ ಪಾಯಿಂಟು, ಗ್ಲಾಂಪಿಂಗ್ ಟೆಂಟು ಬರೋದಕ್ಕಿಂತ ಈಗಿನ ಸದ್ದಿಲ್ಲದ ಸ್ಥಿತಿಯೇ ವಾಸಿ.

ಬೇಕಾಗಿರೋದು ಇವೆರಡರ ನಡುವಿನದು. ತಿಂಗಳಿಗೆ ಹತ್ತಾರು ಜನ, ಓದಿಕೊಂಡು ಬರುವವರು, ಒಂದು ರಾತ್ರಿ ಉಳಿಯುವವರು. ರಾತ್ರಿ ಉಳಿಯೋದು ಯಾಕೆ ಮುಖ್ಯ ಅಂದ್ರೆ, ಹಗಲು ಬಂದು ಹೋಗುವವನು ಊರಿನಲ್ಲಿ ನೀರಿನ ಬಾಟಲಿ ಮಾತ್ರ ಕೊಳ್ತಾನೆ. ಉಳಿದವನು ಎರಡು ಹೊತ್ತು ಊಟ ಮಾಡ್ತಾನೆ, ಆಟೋ ಹತ್ತುತ್ತಾನೆ, ಸಂಜೆ ಬೇರೆ ಕೆಲಸ ಇಲ್ಲದ್ದಕ್ಕೆ ಮಗ್ಗದ ಮನೆಗೆ ಹೋಗ್ತಾನೆ. ಬೆಳಗ್ಗೆ ಆರೂವರೆಗೆ, ಬೆಳಕು ಓರೆಯಾಗಿ ಬೀಳೋ ಹೊತ್ತಿಗೆ ಬಂಡೆಯ ಹತ್ತಿರ ಇರೋಕೆ ಸಾಧ್ಯ ಆಗೋದೂ ಉಳಿದವನಿಗೆ ಮಾತ್ರ.

ಹಾಗಾದರೆ ತೀರ್ಪು. ಎರಡು ರಾತ್ರಿ ಬೇಡ, ಒಂದು ರಾತ್ರಿ ಕೊಡಿ. ಹಂಪಿಗೆ ಹೋಗುವ ಪ್ರವಾಸದಲ್ಲೇ ಮೊದಲ ರಾತ್ರಿಯನ್ನು ಇಲ್ಲಿ ಕಳೆದರೆ ಎಲ್ಲಕ್ಕಿಂತ ಅನುಕೂಲ. ವಿಜಯನಗರ ನೋಡೋ ಮುಂಚೆ ಅದರ ಹಿಂದಿನ ಸಾವಿರಾರು ವರ್ಷ ದಾರಿಯಲ್ಲೇ ಸಿಕ್ಕ ಹಾಗಾಗುತ್ತೆ. ಶುಕ್ರವಾರ ಲಾಗಿನ್ ಬೇಗ ಮುಗಿಸಿ ಮಧ್ಯಾಹ್ನ ಹೊರಟರೆ ಸಂಜೆಗೆ ಮೊಳಕಾಲ್ಮೂರು, ಮಗ್ಗದ ಮನೆ. ಶನಿವಾರ ಬೆಳಗ್ಗೆ ಬ್ರಹ್ಮಗಿರಿ, ಸಿದ್ದಾಪುರ, ಬಿಸಿಲೇರೋ ಮುಂಚೆ ಜಟಿಂಗ ರಾಮೇಶ್ವರ, ಮಧ್ಯಾಹ್ನ ಊಟಕ್ಕೆ ಬಳ್ಳಾರಿ. ನವೆಂಬರಿನಿಂದ ಜನವರಿ ಒಳಗೆ ಬನ್ನಿ. ಏ‌ಪ್ರಿಲ್, ಮೇ ತಿಂಗಳಲ್ಲಿ ಬಂದು ಬಂಡೆ ಮೇಲೆ ಕಾಲು ಸುಟ್ಟುಕೊಂಡು ನನ್ನನ್ನು ಬೈಯಬೇಡಿ.

ಈಜುಕೊಳ ಬೇಕಾದವರು, ಮಕ್ಕಳಿಗೆ ಆಟ ಬೇಕಾದವರು, ನಾಲ್ಕು ಸಾಲು ಓದೋಕೆ ಬೇಜಾರಾಗುವವರು ನೇರ ಹೊಸಪೇಟೆಗೆ ಹೋಗಿ. ಅದರಲ್ಲಿ ಅವಮಾನ ಏನೂ ಇಲ್ಲ, ರಜೆ ನಿಮ್ಮದು. ಮಿಕ್ಕವರು ಬಂದಾಗ ಸಿದ್ದಾಪುರದಲ್ಲಿ ಅಶೋಕನ ಶಾಸನ ಎಲ್ಲಿ ಅಂತ ಕೇಳೋ ಬದಲು ಅಕ್ಷರಗುಂಡು ಎಲ್ಲಿ ಅಂತ ಕೇಳಿ. ದಾರಿ ತೋರಿಸೋಕೆ ಹುಡುಗರು ಓಡಿ ಬರ್ತಾರೆ. ಬಂದ ಹುಡುಗರಲ್ಲಿ ಒಬ್ಬನನ್ನಾದರೂ ಬಂಡೆಯ ಹತ್ತಿರ ನಿಲ್ಲಿಸಿಕೊಂಡು, ಕೊನೆಯಲ್ಲಿ ಬಲದಿಂದ ಎಡಕ್ಕೆ ಹೋಗುವ ಆ ಒಂದು ಪದ ತೋರಿಸಿ, ಬರೆದವನ ಹೆಸರು ಚಪಡ ಅಂತ ಹೇಳಿ. ಮುಂದೆ ಅವನನ್ನು ಯಾರಾದರೂ ಇಲ್ಲಿ ಏನೈತೆ ನೋಡೋಕೆ ಅಂತ ಕೇಳಿದರೆ ಹೇಳೋಕೆ ಅವನ ಹತ್ತಿರ ಒಂದು ಹೆಸರಾದರೂ ಇರುತ್ತೆ.